ಬೆಳಗಬಾರದ ಬಲ್ಬು

ಮೊರದಲ್ಲಿದ್ದ ಜೋಳವನ್ನು ಎರಡು ಸಲ ಮೇಲಕ್ಕೆ ಹಾರಿಸಿ, ತುದಿಗೆ ಬಂದ ಹೊಟ್ಟನ್ನು ಊದಿ, ಸಾವಿತ್ರೆವ್ವ ಮತ್ತೆ ಹರಳು ಆರಿಸತೊಡಗಿದಳು. ಕಣ್ಣು ಮೊರದ ಮೇಲೆ ಇರಲಿಲ್ಲ. ಬೆರಳುಗಳು ತಾವೇ ಹುಡುಕಿ, ತಾವೇ ಎತ್ತಿ ಬದಿಗೆ ಇಡುತ್ತಿದ್ದವು.

"ಎವ್ವಾ ಸಾವಿತ್ರೆವ್ವಾ, ಏನ ಮಾಡಾಕ ಹತ್ತೀಯ?" ಬಾಗಿಲಲ್ಲಿ ನಿಂತ ನೆರೆಮನೆಯ ಬಾಯವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಒಳಗ ಗಂಡ ತಣ್ಣಗಾಗ್ಯಾನ. ಜ್ವಾಳಾ ಹಸನ ಮಾಡಾಕ ಕುಂತೀಯಲ್ಲ!"

"ನಸುಕಿನ್ಯಾಗ ಹಸನ ಮಾಡಾಕ ಹಚ್ಚಿದ್ದೆ, ಬಾಯಕ್ಕಾ. ನಡುವ ನೀರು ಕೇಳಿದ್ರು. ಎದ್ದು ಕೊಟ್ಟೆ. ಅರ್ಧಾ ಕುಡದ್ರು." ಸಾವಿತ್ರೆವ್ವ ಮೊರವನ್ನು ಮತ್ತೊಮ್ಮೆ ಎತ್ತಿದಳು. "ಅರ್ಧಾ ಹಂಗ ಉಳೀತು. ಇದೂ ಉಳದೇತಿ."

ಬಾಯವ್ವ ಬಂದು ಮೊರವನ್ನು ಕಸಿದುಕೊಂಡಳು. ಆಗ ಕೈಗಳಿಗೆ ಕೆಲಸವಿಲ್ಲದಂತಾಗಿ ಸಾವಿತ್ರೆವ್ವ ಅವನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ಅಳು ಬರಲಿಲ್ಲ. ಎರಡು ತಿಂಗಳು ಹಾಸಿಗೆ ಹಿಡಿದವನ ಆರೈಕೆ ಮಾಡಿ ಮೈಯಲ್ಲಿ ಬರಿಯ ದಣಿವು ಉಳಿದಿತ್ತು.

ಹೊತ್ತು ಏರುವಷ್ಟರಲ್ಲಿ ಓಣಿಯ ಗಂಡಸರು ಬಂದರು. ನಿಜಗುಣಪ್ಪನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಬೇಕು. ಆದರೆ ಪಡಸಾಲೆ ಎಂಬುದೇ ಅವನ ಅಂಗಡಿ. ನೆಲದ ತುಂಬ ಮಂದಿಯ ರೇಡಿಯೋಗಳು, ಬೆನ್ನು ಬಿಚ್ಚಿದವು, ಗಂಟಲು ಕಟ್ಟಿದವು, ಒಂದೊಂದರ ಕಿವಿಗೂ ದಾರ ಕಟ್ಟಿದ ಚೀಟಿ. ಸಾವಿತ್ರೆವ್ವ ಚೀಟಿಗಳನ್ನು ಓದಿ ಓದಿ ಹೇಳಿದಂತೆ ಒಬ್ಬೊಬ್ಬರು ಒಂದೊಂದನ್ನು ಒಳಗೆ ಸಾಗಿಸಿದರು. "ಇದು ಸಂಗೊಳ್ಳಿ ಮಹಾಂತಪ್ಪಂದು. ಇದು ಬಾಯಕ್ಕಂದ, ದುರಸ್ತಿ ಆಗೇತಿ."

ಭಜನೆಯ ಸೋಮಪ್ಪ ಮೇಜಿನ ಮೇಲೆ ಹತ್ತಿ ಸೂರಿನ ಕೆಳಗಿನ ನಾಗೊಂದಿಯ ಮೇಲೆ ಕೈಯಾಡಿಸಿದ. ಅವನೂ ನಿಜಗುಣಪ್ಪನೂ ಸಾಲಿಯ ಕಾಲದ ಗೆಳೆಯರು. ಹಳೆಯ ಧೋತರದಲ್ಲಿ ಸುತ್ತಿದ ಒಂದು ಗಂಟು ಅವನ ಕೈಗೆ ಬಂತು.

"ವೈನಿ, ಇದು ಅದ ಏನು?"

ಸಾವಿತ್ರೆವ್ವ ಕೈಯಲ್ಲಿದ್ದ ಚೀಟಿಯತ್ತ ಕಣ್ಣು ಇಳಿಸಿದಳು. ಆರು ವರ್ಷದಿಂದ ಆ ಗಂಟಿನ ಕಡೆ ಅವಳು ಕತ್ತೆತ್ತಿ ನೋಡಿರಲಿಲ್ಲ.

"ಕಿರಚೂ ಡಬ್ಬಿ ಅಲ್ಲೇನ ಅದು?" ಯಾರೋ ಅಂದರು. ಸಾವಿನ ಮನೆಯೆಂಬುದು ನೆನಪಾಗಿ ನಗುವನ್ನು ಕೆಮ್ಮಾಗಿ ತಿರುಗಿಸಿದರು.

ಊರಿನ ಮಾತೇ ಆಗಿತ್ತದು. ಹಾಡುವಾಗ ಹುಡುಗರ ಸ್ವರ ತಪ್ಪಿದರೆ, "ಇವನ ಗಂಟಲದಾಗ ನಿಜಗುಣಪ್ಪನ ಡಬ್ಬಿ ಹೊಕ್ಕೇತಿ" ಎಂದು ನಗುತ್ತಿದ್ದರು.

*

ಒಂದು ಕಾಲಕ್ಕೆ ನಿಜಗುಣಪ್ಪನ ಕಿವಿಯೆಂದರೆ ಸುತ್ತಲಿನ ಹತ್ತೂರಿಗೆ ಮಾನ್ಯ. ರೇಡಿಯೋ ರಿಪೇರಿ ಹೊಟ್ಟೆಪಾಡಿಗೆ. ಅಂತಃಕರಣವೆಲ್ಲ ಪೇಟಿಗಳ ಮೇಲೆ. ಬೈಲಹೊಂಗಲ, ಸವದತ್ತಿ, ಕಿತ್ತೂರುಗಳಿಂದ ಭಜನೆಯವರು ತಮ್ಮ ಹಾರ್ಮೋನಿಯಂ ಪೇಟಿಯನ್ನು ಬಸ್ಸಿನ ತಲೆಯ ಮೇಲೆ ಹಾಕಿಕೊಂಡು ಬರುತ್ತಿದ್ದರು. ಅವನು ಒಂದೊಂದೇ ಹಿತ್ತಾಳೆಯ ನಾಲಗೆಯನ್ನು ತೆಗೆದು, ಕೂದಲೆಳೆಯಷ್ಟು ಕೆರೆದು, ಊದಿ, ಕಣ್ಣು ಮುಚ್ಚಿ ಕೇಳುತ್ತಿದ್ದ.

ರಾಮದುರ್ಗದ ಸಂಗೀತ ಸಾಲಿಯ ದಿಗಂಬರ ಮಾಸ್ತರರು ಒಮ್ಮೆ, "ಮೂವತ್ತು ಹುಡುಗರು, ಒಂದೇ ತಂಬೂರಿ. ಅದರ ಶ್ರುತಿ ಕೂಡಸೂದರಾಗ ನನ್ನ ಆಯುಷ್ಯ ಹೋಗ್ಲಿಕತ್ತದ ನಿಜಗುಣಪ್ಪಾ" ಎಂದು ಬೇಸರಪಟ್ಟಿದ್ದರು. ಆ ಮಾತನ್ನು ಹೊತ್ತುಕೊಂಡು ಬಂದವನು ಎರಡು ವರ್ಷ ಇಳಿಸಲಿಲ್ಲ. ವಿದ್ಯುತ್ತಿನಿಂದಲೇ ಷಡ್ಜ ಹೊರಡಿಸುವ ಡಬ್ಬಿ ಮಾಡಲು ಕುಳಿತ.

"ತಂಬೂರಿ ಮೀಟಿದರ ಒಂದ ಸ್ವರಾ ಬರಂಗಿಲ್ಲ ನೋಡು," ಎಂದು ಹೆಂಡತಿಗೆ ಹೇಳುತ್ತಿದ್ದ. "ಅದರ ಬೆನ್ನಿಗೆ ಮಕ್ಕಳು, ಮೊಮ್ಮಕ್ಕಳು ಅಂತ ಸಣ್ಣ ಸಣ್ಣ ಸ್ವರಾ ಹತ್ತಿ ಬರತಾವು. ಪೇಟಿದೂ ಹಂಗ. ನನಗ ಒಂಟಿ ಸ್ವರಾ ಬೇಕು. ಹಿಂದ ಮುಂದ ಯಾರೂ ಇಲ್ಲದ್ದು."

"ಬಂಧು ಬಳಗ ಇಲ್ಲದ ಸ್ವರಾ ಯಾರಿಗೆ ಬೇಕ್ರಿ?"

"ಕಲಿಯೂ ಹುಡುಗರಿಗೆ ಬೇಕು. ಅದರ ಮುಂದ ತಮ್ಮ ತಪ್ಪು ಅಡಗೂದಿಲ್ಲ. ಕನ್ನಡಿ ಇದ್ದಂಗ."

ಸ್ವರ ಎಷ್ಟು ಶುದ್ಧವೆಂದು ಅಳೆಯಲು ಅವನ ಹತ್ತಿರ ದೊಡ್ಡ ಯಂತ್ರವಿರಲಿಲ್ಲ. ತಾನೇ ಒಂದು ಉಪಾಯ ಹೂಡಿದ್ದ. ಡಬ್ಬಿಯಿಂದ ಬರುವ ಮುಖ್ಯ ಸ್ವರವನ್ನು ಇನ್ನೊಂದು ತಂತಿಯ ಹೆಣಿಗೆಯಿಂದ ಪೂರ್ತಿ ತೆಗೆದುಹಾಕುವುದು. ಆಮೇಲೆ ಏನು ಉಳಿಯಿತೆಂದು ಹೆಡ್‌ಫೋನಿನಲ್ಲಿ ಕೇಳುವುದು. ಉಳಿದದ್ದೆಲ್ಲ ಕಲಬೆರಕೆ.

"ನೀ ಹೊಟ್ಟು ತೂರಿ ಕಾಳು ಉಳಸ್ತಿ," ಅನ್ನುತ್ತಿದ್ದ. "ನಾ ಕಾಳು ತೂರಿ ಹೊಟ್ಟು ಕೇಳತೇನಿ."

ತನ್ನ ಕಿವಿಗೆ ರೂಢಿ ಬಿದ್ದು ಮೋಸವಾದೀತೆಂದು ದಿನಾಲು ಅವಳ ಕಿವಿಗೆ ಹಚ್ಚುತ್ತಿದ್ದ. ಮೊದಮೊದಲು ಅವಳಿಗೆ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಕೇಳುತ್ತಿತ್ತು. ಆಮೇಲೆ ದೂರದ ಸೊಳ್ಳೆ. ಒಂದು ದಿನ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದವಳನ್ನು ಎಬ್ಬಿಸಿ ಕರೆತಂದು, ಹಿಟ್ಟಿನ ಕೈಯಲ್ಲೇ ಕೂಡಿಸಿ ಕಿವಿಗೆ ಹಚ್ಚಿದ.

"ಏನ ಕೇಳತೈತಿ?"

"ಏನೂ ಇಲ್ಲ."

"ಏನೂ?"

"ನಿಮ್ಮ ಉಸರ ಕೇಳತೈತ್ರಿ. ಅಷ್ಟ."

ಅಂದು ಸಂಜೆ ಅವನು ಕಾರಣ ಹೇಳದೆ ಪೇಟೆಯಿಂದ ಖಾರದ ಬೂಂದಿ ತಂದಿದ್ದ.

ಎಪ್ಪತ್ತೊಂದರ ಗುರುಪೂರ್ಣಿಮೆಗೆ ಡಬ್ಬಿಯನ್ನು ರಾಮದುರ್ಗದಲ್ಲಿ ಎಲ್ಲರ ಮುಂದೆ ಕೇಳಿಸುವುದೆಂದು ಗೊತ್ತಾಯಿತು. ಬೆಳಗಾವಿಯಿಂದಲೂ ಇಬ್ಬರು ಗವಾಯಿಗಳು ಬರುವವರಿದ್ದರು. ಆ ದಿನ ಬೆಳಿಗ್ಗೆ ಅವನು ಜಳಕಕ್ಕೆ ಹೋದಾಗ ಸಾವಿತ್ರೆವ್ವ ಡಬ್ಬಿಯನ್ನು ಒರೆಸುತ್ತಿದ್ದಳು. ಹಿಂದಿನ ತಗಡು ಇನ್ನೂ ತೆರೆದೇ ಇತ್ತು. ಸೆಲ್ಲುಗಳನ್ನು ಹಾಕಿ ಚಾಲೂ ಮಾಡಿಟ್ಟಿದ್ದ. ಸ್ಪೀಕರಿನ ತಂತಿ ಮಾತ್ರ ಹಚ್ಚಿರಲಿಲ್ಲ. ಒಳಗೆ ಒಂದು ಪುಟ್ಟ ಬಲ್ಬು ಕಂಡಿತು. ಹಳೆಯ ಟೆಲಿಫೋನಿನ ಸಾಮಾನಿನಲ್ಲಿ ಹುಡುಕಿ ತಂದದ್ದು. ಎಲ್ಲ ಚಾಲೂ ಇದ್ದರೂ ಅದು ಹೊತ್ತಿರಲಿಲ್ಲ.

ಅಯ್ಯ, ಸುಟ್ಟುಹೋಗೇತಿ, ಗಡಿಬಿಡಿಯಾಗ ನೋಡಿಲ್ಲ, ಅಂದುಕೊಂಡಳು. ರೇಡಿಯೋದ ಬಲ್ಬು ಬದಲಿಸುವುದನ್ನು ಅವಳು ನೂರು ಸಲ ನೋಡಿದವಳು. ಹೊಸ ಟಾರ್ಚಿನ ಬಲ್ಬು ಬಿಚ್ಚಿ ಅದರ ಜಾಗಕ್ಕೆ ತಿರುವಿದಳು. ಹಳೆಯದನ್ನು ಸುಟ್ಟ ಬಲ್ಬುಗಳ ಡಬರಿಗೆ ಹಾಕಿದಳು. ಹೊಸದು ಝಗ್ ಎಂದು ಹೊತ್ತಿತು. ಕತ್ತಲ ದೇವರಗೂಡಿನಲ್ಲಿ ನಂದಾದೀಪ ಹಚ್ಚಿದಷ್ಟು ಸಮಾಧಾನವಾಯಿತು ಅವಳಿಗೆ. ಗುಂಡಿ ಒತ್ತಿ ಆರಿಸಿ, ತಗಡು ಮುಚ್ಚಿ, ಡಬ್ಬಿಗೆ ವಿಭೂತಿ ಹಚ್ಚಿ ಕಳಿಸಿಕೊಟ್ಟಳು.

ಸಂಜೆ ಬಂದವನು ಡಬ್ಬಿಯನ್ನು ಧೋತರದಲ್ಲಿ ಸುತ್ತಿ ನಾಗೊಂದಿಯ ಮೇಲೆ ಇಟ್ಟ. ಏನಾಯಿತೆಂಬುದನ್ನು ಮರುದಿನ ಊರೇ ಅವಳಿಗೆ ಹೇಳಿತು. ಡಬ್ಬಿ ತಗಡು ಕೊಯ್ದಂತೆ ಕಿರಚಿತಂತೆ. ಸಾಲಿಯ ಹುಡುಗರು ಕಿವಿ ಮುಚ್ಚಿಕೊಂಡು ನಕ್ಕರಂತೆ. ನಿಜಗುಣಪ್ಪ ನಿಂತು, "ನನ್ನ ಕಿವಿ ತಪ್ಪೇತ್ರಿ ಗುರುಗಳ" ಅಂದನಂತೆ. ತನ್ನ ಬಾಯಿಂದಲೇ ಅಂದಮೇಲೆ ಅವನ ಕಿವಿಯನ್ನು ನಂಬುವವರು ಯಾರು? ಅಂದಿನಿಂದ ಪೇಟಿಗಳು ಬರುವುದು ನಿಂತಿತು. ಸೋಮಪ್ಪನೂ ತನ್ನ ಪೇಟಿಯನ್ನು ಹುಬ್ಬಳ್ಳಿಗೆ ಒಯ್ದ.

ವಾರದ ಮೇಲೆ ನಿಜಗುಣಪ್ಪ ಟಾರ್ಚಿಗೆ ಬೇರೆ ಬಲ್ಬು ಹಾಕಿಕೊಟ್ಟ. ಮೊದಲಿನದು ಏನಾಯಿತೆಂದು ಕೇಳಲಿಲ್ಲ.

*

ಸಾವಿತ್ರೆವ್ವ ಅಕ್ಷರ ಕಲಿತದ್ದು ಆಮೇಲೆ. ಮಠದ ಜಗಲಿಯ ಮೇಲೆ ದೊಡ್ಡವರಿಗೆಂದು ರಾತ್ರಿ ಸಾಲಿ ತೆರೆದಾಗ ಐವತ್ತರ ಹೊಸ್ತಿಲಲ್ಲಿದ್ದ ಅವಳು ಪಾಟಿ ಹಿಡಿದು ಕುಳಿತಳು. ಒಂದು ವರ್ಷಕ್ಕೆ ಕೂಡಿಸಿ ಓದುವುದು ಬಂತು. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಚಟ ಹತ್ತಿತು; ಬೆಂಕಿಪೆಟ್ಟಿಗೆ, ಗೊಬ್ಬರದ ಚೀಲ, ಬಸ್ಸಿನ ಬೋರ್ಡು. ಒಂದು ದಿನ ಗಂಡನ ಹಳೆಯ ನೋಟಬುಕ್ಕು ಸಿಕ್ಕಿತು. ಗೆರೆಗಳ ಚಿತ್ರ, ನಡುವೆ ಒಂದು ಬಲ್ಬಿನ ಗುರುತು. ಅದರ ಬದಿಗೆ ಅವನ ಗುಂಡಗಿನ ಅಕ್ಷರ. ಬೆರಳಿಟ್ಟು ಓದಿದಳು.

"ಈ ಬಲ್ಬು ಬೆಳಗಬಾರದು. ಇದು ಒಳಗೇ ಬೆಚ್ಚಗಾಗಿ ಸ್ವರವನ್ನು ಹದದಲ್ಲಿ ಹಿಡಿಯುತ್ತದೆ. ಬೆಳಗಿದರೆ ಸ್ವರ ಕೆಟ್ಟಿತೆಂದು ತಿಳಿಯಬೇಕು."

ಮೂರು ಸಲ ಓದಿದಳು. ಓದಲು ಬಾರದಿದ್ದರೇ ಚಲೋ ಇತ್ತು ಅನ್ನಿಸಿತು.

ಗಂಡನಿಗೆ ಹೇಳಲು ಬಾಯಿ ಬರಲಿಲ್ಲ. ಅಂಚೆಯಿಂದ ಒಂದು ಇನ್‌ಲ್ಯಾಂಡ್ ಕಾಗದ ತಂದು, ಪಾಟಿಯ ಮೇಲೆ ನಾಲ್ಕು ಸಲ ಬರೆದು ಅಳಿಸಿ, ಕೊನೆಗೆ ಕಾಗದಕ್ಕೆ ಇಳಿಸಿದಳು. ಅದು ಅವಳು ಬರೆದ ಮೊದಲ ಪತ್ರ. "ದಿಗಂಬರ ಗುರುಗಳಿಗೆ ಮುರಗೋಡದ ಸಾವಿತ್ರೆವ್ವನ ಶರಣು. ತಪ್ಪು ನಮ್ಮ ಮನೆಯವರ ಕಿವಿಯದಲ್ಲ. ಒಳಗಿನ ಬಲ್ಬನ್ನು ನಾನು ಬದಲು ಮಾಡಿದೆ. ಅವರು ಬರೆದಿಟ್ಟಿದ್ದರು. ನನಗೆ ಓದಲು ಬರುತ್ತಿರಲಿಲ್ಲ."

ಮಾಸ್ತರರು ಪತ್ರ ಓದಿದರೆ ಗಂಡನಿಗೆ ಬರೆಯುತ್ತಾರೆ. ಗಂಡನಿಗೆ ತಿಳಿದರೆ ಅವನ ಮುಖ ಹೇಗೆ ನೋಡುವುದು? ನಾಳೆ ಹಾಕೋಣ ಎಂದು ಪತ್ರವನ್ನು ರಾತ್ರಿ ಸಾಲಿಯ ಪುಸ್ತಕದಲ್ಲಿ ಇಟ್ಟಳು. ನಾಲ್ಕು ವರ್ಷ ಹೋದವು.

*

ಮಧ್ಯಾಹ್ನದ ಹೊತ್ತಿಗೆ ನಿಜಗುಣಪ್ಪ ಗೋಡೆಗೆ ಆನಿಕೊಂಡು ಕುಳಿತಿದ್ದ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಮಾಲೆ, ಅಂಗೈಯಲ್ಲಿ ಲಿಂಗ. ಯಾವುದೋ ರೇಡಿಯೋಕ್ಕೆ ಕಿವಿಗೊಟ್ಟಾಗ ಕುಳಿತಿರುತ್ತಿದ್ದಂತೆಯೇ ತಲೆ ತುಸು ಎಡಕ್ಕೆ ವಾಲಿತ್ತು.

ಭಜನೆ ಸುರುವಾಯಿತು; ಎರಡು ನುಡಿಗೇ ನಿಂತಿತು. ಪೇಟಿಯ ಷಡ್ಜದ ಮನೆ ಒತ್ತಿದರೆ ಬರಿಯ ಗಾಳಿ ಬುಸುಗುಡುತ್ತಿತ್ತು.

"ಹುಬ್ಬಳ್ಯಾವ್ರು ಕೆರದು ಕೆರದು ನಾಲಿಗಿನ ಮುರದಾರ," ಎಂದ ಸೋಮಪ್ಪ, ಹೆಣದ ಮುಖ ನೋಡದೆ. "ಇವನ ಕೈಯಾಗ ಕೊಟ್ಟಿದ್ದರ ಇನ್ನೂ ಇಪ್ಪತ್ತು ವರ್ಷ ಬಾಳತಿತ್ತು. ಶ್ರುತಿ ಇಲ್ಲದ ಹೆಂಗ ಹಾಡೂದು?"

ಸೋಮಪ್ಪ ಎದ್ದು ಹೋಗಿ ಆ ಗಂಟನ್ನು ತಂದು ನಡುವೆ ಇಟ್ಟ.

"ಸೋಮಣ್ಣಾ, ಬ್ಯಾಡೋ ಮಾರಾಯಾ," ಎಂದಳು ಬಾಯವ್ವ. "ಸತ್ತ ಮ್ಯಾಲೂ ಅವನ ನಗಿಗೇಡು ಮಾಡಬ್ಯಾಡ."

"ಕಿರಚಿದರ ಕಿರಚವಲ್ದ್ಯಾಕ. ಅವನ ಕೈಯಿಂದಾದದ್ದು. ಸೆಲ್ ತರ್ರಿ."

ಸೆಲ್ಲು ಬಂದದ್ದು ಬಾಯವ್ವನ ರೇಡಿಯೋದಿಂದಲೇ. "ದುರಸ್ತಿಗೆ ಕೊಡೂ ಮುಂದ ಹಾಕ್ಸೇನಿ, ಹೊಸಾವು," ಎಂದು ಗೊಣಗಿದಳು. "ಹೋಗೂ ಮುಂದ ನನ್ನ ಸೆಲ್ ತಗೊಂಡ ಹೊಂಟಾ."

ಬೇಡ ಅನ್ನಬೇಕೆಂದು ಸಾವಿತ್ರೆವ್ವ ಬಾಯಿ ತೆರೆದಳು. ತನ್ನ ಟಾರ್ಚಿನ ಬಲ್ಬು ಅದರೊಳಗೆ ಕುಳಿತಿದೆ. ಅವನ ಎದುರಿಗೇ, ಇಷ್ಟು ಮಂದಿಯ ನಡುವೆ, ಇನ್ನೊಮ್ಮೆ ಕಿರಚಲಿದೆ. ಅವಳು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು.

ಸೋಮಪ್ಪ ಗುಂಡಿ ಒತ್ತಿದ.

ಸ್ವರ ಬಂತು. ಯಾವ ಕಡೆಯಿಂದ ಬಂತೆಂದು ತಿಳಿಯದ ಹಾಗೆ ಪಡಸಾಲೆಯ ತುಂಬ ನಿಂತಿತು. ಉಸಿರಿಲ್ಲ, ಒರಟಿಲ್ಲ, ಏರಿಳಿತವಿಲ್ಲ. ತುಂಬಿದ ಕೊಡದ ನೀರು ಅಲುಗದೆ ನಿಂತಂತೆ ಇತ್ತು. ಕೆಮ್ಮುತ್ತಿದ್ದವರೂ ಸುಮ್ಮನಾದರು. ಭಜನೆಯವರಲ್ಲಿ ಒಬ್ಬ ಮೆಲ್ಲಗೆ ಸ್ವರ ಕೂಡಿಸಿದ. ಅವನದು ತುಸು ಕೆಳಗಿದ್ದುದು ಎಲ್ಲರಿಗೂ ಕೇಳಿಸಿತು, ಅವನಿಗೂ ಕೇಳಿಸಿತು. ಏರಿಸಿಕೊಂಡ.

"ಅವ್ವನಽ..." ಎಂದ ಯಾರೋ.

ಸೋಮಪ್ಪ ಹಿಂದಿನ ತಗಡಿನ ಸಂದಿನಲ್ಲಿ ಬಗ್ಗಿ ನೋಡುತ್ತಿದ್ದ. "ವೈನಿ, ಒಳಗೊಂದು ಸಣ್ಣ ಬಲ್ಬ್ ಐತಿ. ಹೊತ್ತಿಲ್ಲ. ಆದರೂ ನಡದೇತಿ ನೋಡ್ರಿ." ಮೂಲೆಯಲ್ಲಿ ಬೆರಳು ಹಾಕಿ ಏನನ್ನೋ ತೆಗೆದ. "ಇದೇನಿದು?"

ಸಣ್ಣದೊಂದು ಅರಿವೆಯ ಗಂಟು. ಅವಳ ಹಳೆಯ ಖಣದ ಕುಪ್ಪಸದ ಚೂರು. ಕೆಂಪು ಅಂಚು ಹಾಗೇ ಇತ್ತು. ಬಿಚ್ಚಿದರೆ ಟಾರ್ಚಿನ ಬಲ್ಬು. ಅವಳು ಡಬರಿಗೆ ಹಾಕಿದ್ದ ಮೊದಲಿನದನ್ನು ಅವನು ಯಾವಾಗಲೋ ಹುಡುಕಿ ತೆಗೆದು ತಿರುಗಿ ಕೂಡಿಸಿದ್ದ.

ಸಾವಿತ್ರೆವ್ವ ಅದನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಹಾಗೆಯೇ ಗೋಡೆ ಹಿಡಿದು ಗಂಡನ ಬದಿಗೆ ಕುಳಿತಳು.

"ಸೋಮಣ್ಣಾ, ಆವತ್ತು ರಾಮದುರ್ಗದಾಗ ನೀವೂ ಇದ್ರಿ. ಇವರು ಡಬ್ಬಿ ಬಿಚ್ಚಿ ನೋಡಿದ್ರೇನು?"

"ನೋಡಿದಾ. ಎಲ್ಲಾರ ಮುಂದ ಬಿಚ್ಚಿದಾ. ಒಳಗ ಝಗಾ ಝಗಾ ಬೆಳಕ ಇತ್ತು. ಗುರುಗಳು, 'ಏನಾಗ್ಯದ ನಿಜಗುಣಪ್ಪಾ?' ಅಂದ್ರು. ಒಂದೀಟ ಹೊತ್ತು ಹಂಗ ಕುಂತಾ. ಮತ್ತ ಮುಚ್ಚಿಬಿಟ್ಟಾ. ನನ್ನ ಕಿವಿ ತಪ್ಪೇತಿ ಅಂದಾ."

"ಮತ್ಯಾಕ ಹೇಳಲಿಲ್ಲ..."

"ನನಗೂ ತಿಳೀಲಿಲ್ಲ ವೈನಿ. ಡಬ್ಬಿ ಚಾಲೂ ಮಾಡೂಕಿಂತ ಮೊದಲ ಭಾರೀ ಹಿಗ್ಗಿನಿಂದ ಭಾಷಣಾ ಮಾಡಿದ್ದಾ. 'ಇದರ ಸ್ವರಾ ಹಸನ ಐತಿ ಅಂತ ಪರೀಕ್ಷಾ ಮಾಡಿದಾಕಿ ನಮ್ಮ ಮನ್ಯಾಕಿ' ಅಂತ. ಮಂದಿ ಮುಸಿಮುಸಿ ನಕ್ಕಿದ್ದರು. 'ರೊಟ್ಟಿ ಬಡಿಯೂ ಕೈಗೆ ಷಡ್ಜಾ ಕೊಟ್ಟಿ ಏನು' ಅಂದಿದ್ದರು."

ಭಜನೆ ಮತ್ತೆ ಸುರುವಾಯಿತು. ಎಲ್ಲ ಕೊರಳುಗಳ ಕೆಳಗೆ ಆ ಒಂಟಿ ಸ್ವರ ಹಾಸಿಕೊಂಡಿತ್ತು.

ಎರಡರ ಬಸ್ಸಿಗೆ ರಾಮದುರ್ಗದಿಂದ ತಾರಾಬಾಯಿ ಬಂದಳು; ಮಾಸ್ತರರ ಮಗಳು, ಈಗ ಸಾಲಿ ನಡೆಸುವವಳು. ಕಂಡಕ್ಟರನಿಂದ ಸುದ್ದಿ ತಿಳಿಯಿತಂತೆ. ಹೊಸ್ತಿಲು ದಾಟಿದವಳು ಅಲ್ಲೇ ನಿಂತು ಕೇಳಿದಳು. ಕೈಯಲ್ಲಿದ್ದ ಹೂವಿನ ಪೊಟ್ಟಣ ಕೈಯಲ್ಲೇ ಉಳಿಯಿತು. ಆಮೇಲೆ ಸಾವಿತ್ರೆವ್ವನ ಪಕ್ಕಕ್ಕೆ ಬಂದು ಕುಳಿತಳು.

"ಅಪ್ಪಾಗ ಬರಲಿಕ್ಕೆ ಆಗಲಿಲ್ರಿ. ಎಂಬತ್ತಾಗ್ಯಾವ, ಕಣ್ಣೂ ಕಾಣೂದಿಲ್ಲ." ಧ್ವನಿ ತಗ್ಗಿಸಿದಳು. "ಸಾವಿತ್ರೆವ್ವಾರ, ಆವತ್ತು ನಾನೂ ಅಲ್ಲೇ ಇದ್ದೆ. ಆವತ್ತು ಇದು ಹಿಂಗಿರಲಿಲ್ಲ. ಆಮ್ಯಾಲೆ ದುರಸ್ತ ಮಾಡಿದ್ರೇನು?"

"ಇಲ್ರಿ ಬಾಯಾರ. ಮೊದಲ ಹಿಂಗ ಇತ್ತು."

"ಹಂಗಾದ್ರ?" ತಾರಾಬಾಯಿ ಅವಳ ಮುಖ ನೋಡಿದಳು. "ಅಪ್ಪಾ ಈಗೂ ಅಂತಾರ್ರಿ, ಅವನ ಕಿವಿ ತಪ್ಪೂ ಅಂಥಾದ್ದಲ್ಲ, ಏನೋ ಮುಚ್ಚಿಟ್ಟಾ, ಅದೇನಂತ ತಿಳೀದ ನಾ ಸಾಯ್ತೀನಿ ಅಂತ."

"ಗುರುಗಳಿಗೆ ಕಾಗದಾ ಬರದೇನ್ರಿ," ಎಂದಳು ಸಾವಿತ್ರೆವ್ವ.

"ಕೊಡ್ರಿ, ನಾನೇ ಒಯ್ದು ಓದಿ ಹೇಳ್ತೀನಿ."

"ಬ್ಯಾಡ್ರಿ. ನಿಮ್ಮ ಕೈಯಾಗ ಕೊಟ್ಟರ ಬಸ್ಸು ಬಿಡೂದರೊಳಗ ಓಡಿ ಬಂದು ಇಸಗೊಂಡಬಿಡತೇನಿ. ನನ್ನ ನನಗ ಗೊತ್ತೈತಿ. ಪೋಸ್ಟಿಗೆ ಹಾಕತೇನಿ."

ಹೆಣವನ್ನು ಕೂಡಿಸಿದ ಹೂವಿನ ವಿಮಾನವನ್ನು ಹೆಗಲಿಗೆ ಎತ್ತುವ ಮೊದಲು ಅವಳು ಒಳಗೆ ಹೋದಳು. ರಾತ್ರಿ ಸಾಲಿಯ ಪುಸ್ತಕದಿಂದ ನೀಲಿ ಕಾಗದವನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೆರವಣಿಗೆಯುದ್ದಕ್ಕೂ ಸೋಮಪ್ಪ ಡಬ್ಬಿಯನ್ನು ಎದೆಗೆ ಅವಚಿಕೊಂಡು ನಡೆದ. ಮಠದ ಅಯ್ಯನವರು ಕೊನೆಯ ವಿಭೂತಿ ಹಚ್ಚಿ, ಬಿಲ್ವಪತ್ರಿ ತುಂಬಿ, ಮಣ್ಣು ಕೊಡಿರೆಂದಾಗಲೂ ಸ್ವರ ನಡೆದಿತ್ತು. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದ ಮೇಲೆ ಸೋಮಪ್ಪ ಅವಳ ಕಡೆ ನೋಡಿದ. ಅವಳೇ ಗುಂಡಿ ಒತ್ತಿ ಆರಿಸಿದಳು.

*

ತಿರುಗಿ ಬರುವಾಗ ಅಂಚೆ ಕಚೇರಿಯ ಮುಂದೆ ಸಾವಿತ್ರೆವ್ವ ನಿಂತಳು. ಮಣ್ಣಿಗೆ ಬಂದಿದ್ದ ಪೋಸ್ಟಿನ ಬಸಲಿಂಗಪ್ಪನೂ ನಿಲ್ಲಬೇಕಾಯಿತು.

"ಎವ್ವಾ, ಮೈಮ್ಯಾಲ ಇನ್ನೂ ಗೋರಿ ಮಣ್ಣೈತಿ," ಎಂದು ಬಾಯವ್ವ ತೋಳು ಹಿಡಿದಳು. "ಮನಿಗೆ ನಡಿ, ಜಳಕಾ ಮಾಡು. ನಾಳೆ ಹಾಕೀಯಂತ."

"ನಾಳೆ ನಾಳೆ ಅಂತ ನಾಕ ವರ್ಷ ಆತು, ಬಾಯಕ್ಕಾ."

ಬಸಲಿಂಗಪ್ಪ ಕಾಗದವನ್ನು ತಿರುವಿ ನೋಡಿದ. "ಇದು ಹಳೇ ದರದ್ದು ಅಕ್ಕಾರ. ಈಗ ಏರೇತಿ. ಹಿಂಗ ಹಾಕಿದರ ಅಲ್ಲಿ ಅವರ ಕಡಿಂದ ದಂಡಾ ತಗೋತಾರ."

"ದಂಡಾ ಅವರ್ಯಾಕ ಕೊಡಬೇಕು? ಬಾಗಲಾ ತಗೀರಿ. ಮ್ಯಾಲಿನ ತಿಕೀಟ ಕೊಡ್ರಿ. ಪೆನ್ನೂ ಕೊಡ್ರಿ."

ಕಿಟಕಿಯ ಹಲಗೆಯ ಮೇಲೆ ಕಾಗದವನ್ನು ಬಿಡಿಸಿಟ್ಟಳು. ಮಡಿಕೆಗಳಲ್ಲಿ ನೀಲಿ ಬಣ್ಣ ಬೆಳ್ಳಗಾಗಿತ್ತು. ಅಂದಿನ ಅಕ್ಷರಗಳು ಒಂದಕ್ಕೊಂದು ತಾಗದೆ ದೂರ ದೂರ ಕುಳಿತಿದ್ದವು. ಕೆಳಗೆ ಎರಡು ಬೆರಳಷ್ಟು ಜಾಗ ಉಳಿದಿತ್ತು. ಅಲ್ಲಿ ನಿಧಾನವಾಗಿ ಬರೆದಳು. "ಇದು ಅವರಿಗೆ ಗೊತ್ತಿತ್ತು. ನನಗೆ ಇವತ್ತು ಗೊತ್ತಾಯಿತು. ಅವರನ್ನು ಮಣ್ಣು ಮಾಡಿ ಬಂದು ಬರೆಯುತ್ತಿದ್ದೇನೆ."

ಅಂಟು ಒಣಗಿಹೋಗಿತ್ತು. ಬಸಲಿಂಗಪ್ಪ ಕೊಟ್ಟ ಗೋಂದು ಸವರಿ ಮುಚ್ಚಿ, ತಿಕೀಟು ಹಚ್ಚಿ, ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಗೋಡೆಯ ಕೆಂಪು ಡಬ್ಬಿಯ ಬಾಯಿಗೆ ಅರ್ಧ ತೂರಿಸಿ ಕ್ಷಣ ತಡೆದಳು, ಆಮೇಲೆ ಬಿಟ್ಟಳು. ಮಧ್ಯಾಹ್ನದ ಟಪಾಲು ತೆಗೆದದ್ದರಿಂದ ಡಬ್ಬಿ ಖಾಲಿಯಿತ್ತು. ಕಾಗದ ತಳದ ತಗಡಿಗೆ ಬಡಿದ ಸಪ್ಪಳ ಕೇಳಿಸಿತು.

ಅವಳು ಹೋಗಲಿಲ್ಲ. ಬಗ್ಗಿ, ಸೆರಗು ಸರಿಸಿ, ಬಿಸಿಲಿಗೆ ಕಾದ ಆ ತಗಡಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದಳು. ಮುಷ್ಟಿಯಲ್ಲಿ ಟಾರ್ಚಿನ ಬಲ್ಬು ಇತ್ತು.

"ಏನ ಕೇಳತೈತಿ ಅಲ್ಲಿ?" ಎಂದಳು ಬಾಯವ್ವ, ಹೆದರಿ.

"ಏನೂ ಇಲ್ಲ," ಎಂದಳು ಸಾವಿತ್ರೆವ್ವ.